ಇಂಜಿನ್ನಿನ ಹೊಟ್ಟೆಯ ಗಾಳಿ

ದಸರಾ ಮುಗಿಯಿತೆಂದರೆ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಗ್ಯಾರೇಜುಗಳ ಮುಂದೆ ಟ್ರ್ಯಾಕ್ಟರುಗಳು ಸಾಲು ಹಚ್ಚುತ್ತವೆ. ಕಬ್ಬಿನ ಹಂಗಾಮು ಶುರುವಾದ ಮೇಲೆ ಗಾಡಿಗೂ ಬಿಡುವಿಲ್ಲ, ಡ್ರೈವರನಿಗೂ ನಿದ್ದೆಯಿಲ್ಲ. ಎರಡೆರಡು ಟ್ರೇಲರ್ ಕಬ್ಬು ಕಟ್ಟಿಕೊಂಡು ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗೋ ಇನ್ನೊಂದಕ್ಕೋ ಓಡಾಡುವ ತಿಂಗಳುಗಳಲ್ಲಿ ಇಂಜಿನ್ ಬಿಚ್ಚಿಕೊಂಡು ಕೂರುವವರು ಯಾರು? ಹಾಗಾಗಿ ರಿಪೇರಿಯೆಲ್ಲ ಈಗಲೇ ಆಗಬೇಕು. ಬರುವ ದೂರುಗಳಲ್ಲಿ ಒಂದು ಮಾತ್ರ ನಾನು ಕೆಲಸ ಕಲಿತ ಕಾಲದಿಂದ ಇವತ್ತಿನವರೆಗೂ ಬದಲಾಗಿಲ್ಲ: "ಆಯಿಲ್ ಸೋರಾಕತ್ತೈತ್ರಿ ಮಿಸ್ತ್ರಿ, ಒಂದ್ ಹೊಸಾ ಪ್ಯಾಕಿಂಗ್ ಹಾಕಿ ಕೊಡ್ರಿ."

ಕಲಿಯಲು ಬಂದ ಹುಡುಗ ಇದನ್ನು ಕೇಳಿದ್ದೇ ತಡ, ಪಾನಾ ಹಿಡಿದು ಗಾಡಿಯ ಕೆಳಗೆ ತೂರುತ್ತಾನೆ. ಅವನನ್ನು ಹೊರಗೆ ಕರೆದು ಕೂರಿಸಿ ನಾನು ಕೇಳುವ ಮೊದಲ ಪ್ರಶ್ನೆ: "ತಮ್ಮಾ, ಎಣ್ಣಿ ಹೊರಗ ಬಂದದ್ದು ಎಲ್ಲಾರಿಗೂ ಕಾಣ್ತೈತಿ. ಅದನ್ನ ಹೊರಗ ದಬ್ಬಿದವರು ಯಾರು?" ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಪಾನಾ ಮುಟ್ಟಬಾರದು. ಇವತ್ತು ಆ ಉತ್ತರ ಹುಡುಕುವ ಬಗೆಯನ್ನೇ ಹೇಳುತ್ತೇನೆ. ಇಂಜಿನ್ನಿನ ಒಳಗು ಕಂಡಿಲ್ಲದವರಿಗೂ ತಿಳಿಯುವಂತೆ ಬುಡದಿಂದ ಶುರು ಮಾಡೋಣ.

ಡೀಸೆಲ್ ಇಂಜಿನ್ನಿಗೆ ಹೊತ್ತಿಸಲು ಕಿಡಿ ಬೇಡ. ಸಿಲಿಂಡರಿನಲ್ಲಿ ತುಂಬಿದ ಗಾಳಿಯನ್ನು ಪಿಸ್ಟನ್ ಮೇಲೆದ್ದು ಹದಿನಾರು ಹದಿನೆಂಟು ಪಟ್ಟು ಅಮುಕಿದರೆ ಆ ಗಾಳಿಯೇ ಕೆಂಡವಾಗುತ್ತದೆ. ನಾಜಲ್ ಚಿಮ್ಮಿಸಿದ ಡೀಸೆಲ್ ಅದರಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕಿಲೋ ಗಾಳಿ ಹಿಡಿಸುತ್ತೇವಲ್ಲ, ಸಿಲಿಂಡರಿನೊಳಗೆ ಗಾಳಿ ಅಮುಕಿದಾಗ ಆ ಅಂಕಿ 30ರ ಆಸುಪಾಸಿಗೆ ಹೋಗುತ್ತದೆ. ಡೀಸೆಲ್ ಉರಿದ ಗಳಿಗೆಯಲ್ಲಿ 70-80 ದಾಟುವುದೂ ಉಂಟು. ಇಷ್ಟು ಒತ್ತಡ ಕೆಳಗಿಳಿಯದಂತೆ ತಡೆಯುವುದು ಪಿಸ್ಟನ್ನಿಗೆ ತೊಡಿಸಿದ ಮೂರೋ ನಾಲ್ಕೋ ಬೀಡಿನ ರಿಂಗುಗಳು ಮತ್ತು ಅವು ಉಜ್ಜಿಕೊಂಡು ಓಡಾಡುವ ಲೈನರ್ ಗೋಡೆ. ರಿಂಗಿಗೆ ಒಂದು ಸೀಳು ಇರಲೇಬೇಕು, ಇಲ್ಲದಿದ್ದರೆ ಕಾದಾಗ ಹಿಗ್ಗಲು ಜಾಗವಿಲ್ಲದೆ ಲೈನರನ್ನು ಕಚ್ಚಿ ಹಿಡಿಯುತ್ತದೆ. ಆ ಸೀಳಿನಿಂದಲೂ ರಿಂಗಿನ ಬೆನ್ನ ಹಿಂದಿನಿಂದಲೂ ಒಂದಿಷ್ಟು ಗಾಳಿ ಕೆಳಗೆ ನುಸುಳಿಯೇ ನುಸುಳುತ್ತದೆ, ನಿನ್ನೆ ಶೋರೂಮಿನಿಂದ ತಂದ ಗಾಡಿಯಲ್ಲೂ. ಪುಸ್ತಕದವರು ಇದನ್ನು ಬ್ಲೋ-ಬೈ ಎನ್ನುತ್ತಾರೆ. ನಮ್ಮ ಗ್ಯಾರೇಜುಗಳಲ್ಲಿ ಇದರ ಹೆಸರು ಬ್ಯಾಕ್ ಕಂಪ್ರೆಶನ್.

ಎಷ್ಟು ನುಸುಳಬಹುದು? ಒಂದು ಲೆಕ್ಕ ಹಾಕಿ ನೋಡೋಣ. 2.7 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಎರಡು ಸುತ್ತಿಗೊಮ್ಮೆ ಗಾಳಿ ಎಳೆಯುವುದರಿಂದ ನಿಮಿಷಕ್ಕೆ ಸಾವಿರ ಸಲ 2.7 ಲೀಟರ್, ಅಂದರೆ 2700 ಲೀಟರ್. ಪೂರ್ತಿ ತುಂಬುವುದಿಲ್ಲವಾದ್ದರಿಂದ 2300 ಎಂದು ಹಿಡಿಯಿರಿ. ಅದರಲ್ಲಿ ನೂರಕ್ಕೆ ಒಂದು ಪಾಲು ಕೆಳಗೆ ಜಾರಿದರೂ ನಿಮಿಷಕ್ಕೆ 23 ಲೀಟರ್, ಒಂದು ದೊಡ್ಡ ಕೊಡಕ್ಕಿಂತ ಹೆಚ್ಚು ಹೊಗೆಗಾಳಿ! ಆರೋಗ್ಯವಂತ ಇಂಜಿನ್ನಿನ ಸ್ಥಿತಿಯೇ ಇದು. ರಿಂಗು ಸವೆದಂತೆ ಅದು ಎರಡು ಕೊಡವಾಗುತ್ತದೆ, ನಾಲ್ಕು ಕೊಡವಾಗುತ್ತದೆ.

ಈ ಗಾಳಿ ಹೋಗಿ ಸೇರುವುದು ಕ್ರ್ಯಾಂಕ್ ತಿರುಗುವ, ಕೆಳಗೆ ಎಣ್ಣೆಯ ಚೇಂಬರ್ ಇರುವ ಜಾಗಕ್ಕೆ. ಅದನ್ನು ನಾನು ಇಂಜಿನ್ನಿನ ಹೊಟ್ಟೆ ಎನ್ನುತ್ತೇನೆ. ವಾಲ್ವುಗಳನ್ನು ಆಡಿಸುವ ಪುಶ್ ರಾಡಿನ ತೂತುಗಳ ಮೂಲಕ ಆ ಹೊಟ್ಟೆ ಮೇಲಿನ ಟ್ಯಾಪೆಟ್ ಕವರಿನ ತನಕ ಒಂದೇ. ಅಲ್ಲಿಂದ ಗಾಳಿ ಆಚೆ ಹೋಗಲು ಇಟ್ಟ ಬಾಗಿಲು ಬ್ರೀದರ್. ಕೆಲವು ಇಂಜಿನ್ನುಗಳಲ್ಲಿ ಅದು ಟ್ಯಾಪೆಟ್ ಕವರಿನ ಮೇಲೆ, ಕೆಲವುಗಳಲ್ಲಿ ಬ್ಲಾಕಿನ ಪಕ್ಕದಲ್ಲಿ ಇರುತ್ತದೆ. ಒಳಗೆ ತಂತಿಯ ಜಾಳಿಗೆ, ಹೊರಗೆ ನೆಲದ ಕಡೆ ಬಾಯಿ ಮಾಡಿದ ಒಂದು ಕೊಳವೆ. ಎಣ್ಣೆಯ ಹನಿ ಜಾಳಿಗೆಗೆ ತಾಗಿ ಹಿಂದಿರುಗುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಬಾಗಿಲು ಚೊಕ್ಕಟವಾಗಿದ್ದು ಬರುವ ಗಾಳಿ ಮಿತಿಯಲ್ಲಿದ್ದರೆ ಹೊಟ್ಟೆ ಉಬ್ಬರಿಸುವುದಿಲ್ಲ. ಬಾಗಿಲು ಕಟ್ಟಿದರೆ ಉಬ್ಬರ. ಬಾಗಿಲು ಸರಿಯಿದ್ದೂ ಗಾಳಿ ವಿಪರೀತವಾದರೆ ಆಗಲೂ ಉಬ್ಬರ. ಮುಂದೆ ಹೇಳುವುದೆಲ್ಲ ಇವೆರಡರಲ್ಲಿ ಯಾವುದು ಎಂದು ಬೇರ್ಪಡಿಸುವ ಕೆಲಸ.

ಉಬ್ಬರ ಎಂದಾಗ ಹುಡುಗರು ದೊಡ್ಡ ಒತ್ತಡವನ್ನು ಊಹಿಸುತ್ತಾರೆ. ಹಾಗೇನಿಲ್ಲ. ಇಲ್ಲಿನ ಒತ್ತಡವನ್ನು ಅಳೆಯುವುದೇ ನೀರಿನ ಎತ್ತರದಿಂದ. 1 ಸೆಂಟಿಮೀಟರ್ ಎತ್ತರದ ನೀರು ಒಂದು ಚದರ ಸೆಂಟಿಮೀಟರಿನ ಮೇಲೆ 1 ಗ್ರಾಂ ಭಾರ ಹಾಕುತ್ತದೆ. ಹೊಟ್ಟೆಯೊಳಗೆ ಬರೀ 10 ಸೆಂಟಿಮೀಟರ್ ನೀರಿನಷ್ಟು ಒತ್ತಡವಿದೆ ಎನ್ನಿ. ನಿಮ್ಮ ಟ್ಯಾಪೆಟ್ ಕವರ್ 40 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲವಿದ್ದರೆ ಅದರ ಹರವು 600 ಚದರ ಸೆಂಟಿಮೀಟರ್. ಅಂದರೆ ಒಳಗಿನಿಂದ ಯಾರೋ ಹಗಲೂ ರಾತ್ರಿ 6 ಕಿಲೋ ಬಲದಿಂದ ಆ ಕವರನ್ನು ಮೇಲಕ್ಕೆ ಒತ್ತುತ್ತಿದ್ದಾರೆ ಎಂದ ಹಾಗೆ. ಕಾರ್ಕಿನ ಪ್ಯಾಕಿಂಗು, ಕಾದು ಕಾದು ಕಲ್ಲಾದ ರಬ್ಬರಿನ ಆಯಿಲ್ ಸೀಲು ಇವೆಲ್ಲ ಎಣ್ಣೆಯನ್ನು ತಡೆಯಲು ಮಾಡಿದವು. ಹಿಂದಿನಿಂದ ದಬ್ಬುವ ಗಾಳಿಯೂ ಸೇರಿಕೊಂಡರೆ ಎಲ್ಲಿ ಬಡವಾಗಿದೆಯೋ ಅಲ್ಲಿಂದ ದಾರಿ ಬಿಡುತ್ತವೆ. ನೀವು ಆ ಒಂದು ಕಡೆ ಹೊಸ ಪ್ಯಾಕಿಂಗ್ ಹಾಕಿದಿರೋ, ಗಾಳಿ ಮುಂದಿನ ಬಡ ಜಾಗ ಹುಡುಕುತ್ತದೆ. ಟ್ಯಾಪೆಟ್ ಕವರ್ ಆಯಿತು, ಮುಂದಿನ ಟೈಮಿಂಗ್ ಕವರ್ ಸೀಲ್ ಆಯಿತು, ಕಡೆಗೆ ಕ್ರ್ಯಾಂಕಿನ ಹಿಂಬದಿಯ ಸೀಲು. ಅದನ್ನು ಬದಲಿಸಬೇಕಾದರೆ ಟ್ರ್ಯಾಕ್ಟರನ್ನು ನಡುವೆ ಎರಡು ಹೋಳು ಮಾಡಬೇಕು. ಐವತ್ತು ರೂಪಾಯಿಯ ಪ್ಯಾಕಿಂಗಿನಿಂದ ಶುರುವಾದ ಕೆಲಸ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ.

ಈಗ ಗಾಡಿಯ ಹತ್ತಿರ ಹೋಗೋಣ. ಮೊದಲು ತೊಳೆಯಿರಿ. ನಾಚಿಕೆಪಡಬೇಡಿ, ಬ್ರಶ್ಶು, ಡೀಸೆಲ್ಲು, ಬಟ್ಟೆ ತೊಳೆಯುವ ಪುಡಿ, ಏನಿದೆಯೋ ಅದರಲ್ಲಿ ಉಜ್ಜಿ ತೊಳೆದು ಒಣಗಿಸಿ. ನಾಲ್ಕು ವರ್ಷದ ಎಣ್ಣೆಯ ಮೇಲೆ ನಾಲ್ಕು ಹೊಲದ ಮಣ್ಣು ಕೂತ ಇಂಜಿನ್ನಿನಲ್ಲಿ ಸೋರಿಕೆ ಹುಡುಕುವುದು ಗೋಕಾಕದ ಸಂತೆಯಲ್ಲಿ ಕಳೆದ ಚಪ್ಪಲಿ ಹುಡುಕಿದ ಹಾಗೆ. ಒಣಗಿದ ಮೇಲೆ ಅನುಮಾನವಿದ್ದ ಕಡೆಯೆಲ್ಲ ಮುಖಕ್ಕೆ ಹಚ್ಚುವ ಪೌಡರನ್ನೋ ವಿಭೂತಿಯನ್ನೋ ತೆಳ್ಳಗೆ ಉದುರಿಸಿ ಅರ್ಧ ಗಂಟೆ ಇಂಜಿನ್ ನಡೆಸಿ. ಬಿಳಿಯ ಮೇಲೆ ಕಪ್ಪು ಗೆರೆ ಎಲ್ಲಿಂದ ಮೂಡಿತು ಎಂದು ಬ್ಯಾಟರಿ ಹಿಡಿದು ನೋಡಿದರೆ ಮೂಲ ಸಿಗುತ್ತದೆ. ಎಣ್ಣೆ ಕೆಳಗೆ ಇಳಿಯುತ್ತದೆ, ಜೊತೆಗೆ ಫ್ಯಾನಿನ ಗಾಳಿಗೆ ಹಿಂದಕ್ಕೂ ಹೋಗುತ್ತದೆ. ಹಾಗಾಗಿ ಚೇಂಬರಿನ ಹಿಂಬದಿಯಲ್ಲಿ ತೊಟ್ಟಿಕ್ಕುವ ಹನಿ ಹುಟ್ಟಿದ್ದು ಮೇಲೆ ಮುಂದೆ ಎಲ್ಲೋ ಇರಬಹುದು. ಯಾವಾಗಲೂ ಎತ್ತರದಲ್ಲಿರುವ ಒದ್ದೆಯನ್ನು ಮೊದಲು ನಂಬಿ.

ಹನಿಯನ್ನು ಬೆರಳಿಗೆ ಹಚ್ಚಿ ಮೂಸಿಯೂ ನೋಡಬೇಕು. ಗೇರ್ ಆಯಿಲಿಗೆ ಗಂಧಕದ ಗಾಢ ವಾಸನೆ, ಡೀಸೆಲ್ಲಿಗೆ ಅದರದೇ ವಾಸನೆ. ಕ್ಲಚ್ ಹೌಸಿಂಗಿನ ಕೆಳಗೆ ಒಂದು ಪುಟ್ಟ ತೂತು ಇರುತ್ತದೆ, ಅಲ್ಲಿಂದ ಹನಿಯುವುದು ಇಂಜಿನ್ ಎಣ್ಣೆಯೋ ಗೇರ್ ಎಣ್ಣೆಯೋ ಎಂದು ಮೂಗು ಹೇಳಿದರೆ ಗಾಡಿ ಹೋಳು ಮಾಡುವ ಮೊದಲೇ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಡಿಪ್‌ಸ್ಟಿಕ್. ಎಣ್ಣೆ ಮೇಲಿನ ಗೆರೆಗಿಂತ ಹೆಚ್ಚಿದೆಯೇ? ಯಾರೂ ಹಾಕದೆ ತಾನಾಗಿ ಹೆಚ್ಚಿದೆಯೇ? ಹಾಗಿದ್ದರೆ ಫೀಡ್ ಪಂಪಿನ ಡಯಾಫ್ರಾಮ್ ಹರಿದು ಅಥವಾ ಡೀಸೆಲ್ ಪಂಪಿನ ಸೀಲು ಹೋಗಿ ಡೀಸೆಲ್ ಒಳಗಿಳಿಯುತ್ತಿರಬಹುದು. ಒಂದು ಹನಿಯನ್ನು ಸುದ್ದಿಪತ್ರಿಕೆಯ ಮೇಲೆ ಬಿಡಿ. ನಡುವೆ ಕಪ್ಪು ಚುಕ್ಕೆ ಉಳಿದು ಸುತ್ತ ತೆಳು ಎಣ್ಣೆಯ ಉಂಗುರ ದೂರದ ತನಕ ಹರಡಿದರೆ ಅನುಮಾನ ಗಟ್ಟಿಯಾಗುತ್ತದೆ. ಅಂಥ ಇಂಜಿನ್ನನ್ನು ನಡೆಸಬೇಡಿ. ತೆಳುವಾದ ಎಣ್ಣೆ ಬೇರಿಂಗನ್ನು ಕಾಯುವುದಿಲ್ಲ, ಸೀಲುಗಳಿಂದಲೂ ಸಲೀಸಾಗಿ ಜಾರುತ್ತದೆ.

ಇನ್ನು ಬ್ರೀದರ್. ಎಲ್ಲರೂ ಕೊನೆಗೆ ನೋಡುವುದು ಇದನ್ನೇ, ನೀವು ಏನನ್ನೂ ಬಿಚ್ಚುವ ಮೊದಲೇ ನೋಡಿ. ಮೂಡಲಗಿ ಕಡೆಯ ಒಬ್ಬ ಹಿರಿಯ ರೈತರ ಮೂರು ಸಿಲಿಂಡರಿನ ಹಳೆಯ ಗಾಡಿ ನೆನಪಾಗುತ್ತದೆ. ಎರಡು ವರ್ಷದಲ್ಲಿ ಮೂರು ಸಲ ಚೇಂಬರ್ ಪ್ಯಾಕಿಂಗು, ಒಂದು ಸಲ ಹಿಂದಿನ ಸೀಲು. "ಇನ್ನ ಇದನ್ನ ಗುಜರಿಗಿ ಹಾಕೂದ ಚಲೋ ಅನ್ನಿಸೇತಿ" ಎಂದು ಬಂದಿದ್ದರು. ಬ್ರೀದರಿನ ಕೊಳವೆಗೆ ಬಾಯಿಟ್ಟು ಊದಿದೆ. ಗಾಳಿ ಹೋಗಲಿಲ್ಲ. ತಂತಿ ಹಾಕಿ ಕೆದಕಿದಾಗ ತುದಿಯಿಂದ ಮಣ್ಣಿನ ಗುಳಿಗೆಗಳು ಉದುರಿದವು. ಮಳೆಗಾಲದ ನಾಲ್ಕು ತಿಂಗಳು ಗಾಡಿ ಕೊಟ್ಟಿಗೆಯಲ್ಲಿ ನಿಂತಾಗ ಕುಂಬಾರ ಹುಳ ಬಂದು ಅಲ್ಲಿ ಸಂಸಾರ ಹೂಡಿತ್ತು. ಅದರ ಮೇಲೆ ಒಳಗಿನ ಜಾಳಿಗೆಯಂತೂ ವರ್ಷಗಟ್ಟಲೆಯ ಜಿಗುಟು ಮಡ್ಡಿ ತುಂಬಿ ಹಲಗೆಯಾಗಿತ್ತು. ಜಾಳಿಗೆಯನ್ನು ಡೀಸೆಲ್ಲಿನಲ್ಲಿ ರಾತ್ರಿಯಿಡೀ ನೆನೆಸಿ ತೊಳೆದು ಕೂರಿಸಿದೆವು. ಚೇಂಬರಿನಿಂದ ಹನಿ ನಿಂತಿತು. ಅವರು ದುಡ್ಡು ಕೊಡಲು ಬಂದಾಗ ಯಾವುದಕ್ಕೆಂದು ತೆಗೆದುಕೊಳ್ಳುವುದೋ ನನಗೇ ತಿಳಿಯಲಿಲ್ಲ.

ಇದಕ್ಕೆ ಉಲ್ಟಾ ಇನ್ನೊಂದು ಚಾಳಿಯಿದೆ. ಬ್ರೀದರಿನಿಂದ ಎಣ್ಣೆ ಹನಿ ಬರುತ್ತದೆಂದು ಅದಕ್ಕೇ ಅರಿವೆ ತುರುಕುವುದು. ದಯವಿಟ್ಟು ಹಾಗೆ ಮಾಡಬೇಡಿ. ಇನ್ನು ಕೆಲವರು ಚೊಕ್ಕಟವಾಗಿ ಕಾಣಲಿ ಎಂದು ಬ್ರೀದರಿನ ಕೊಳವೆಯನ್ನು ಏರ್ ಕ್ಲೀನರಿನ ಪೈಪಿಗೆ ಸೇರಿಸುತ್ತಾರೆ. ಕಂಪನಿಯವರೇ ಹಾಗೆ ಮಾಡಿದ ಇಂಜಿನ್ನುಗಳಲ್ಲಿ ಎಣ್ಣೆ ಬೇರ್ಪಡಿಸುವ ಏರ್ಪಾಡು ಇರುತ್ತದೆ. ನಾವು ಹಳೆಯ, ಬ್ಯಾಕ್ ಕಂಪ್ರೆಶನ್ ಜೋರಾದ ಇಂಜಿನ್ನಿಗೆ ಇದನ್ನು ಮಾಡಿದರೆ ಎಣ್ಣೆಯ ಮಂಜು ನೇರ ಸಿಲಿಂಡರಿಗೆ ಹೋಗುತ್ತದೆ. ಡೀಸೆಲ್ ಇಂಜಿನ್ನಿಗೆ ಎಣ್ಣೆಯೂ ಇಂಧನವೇ! ಆಕ್ಸಿಲರೇಟರ್ ಬಿಟ್ಟರೂ, ಸ್ಟಾಪ್ ಎಳೆದರೂ ನಿಲ್ಲದೆ ರೇಸ್ ಏರುತ್ತಲೇ ಹೋಗಿ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಬರುವ ತನಕ ಓಡಬಹುದು. ಅಂಥ ಹೊತ್ತಿನಲ್ಲಿ ಅದನ್ನು ನಿಲ್ಲಿಸುವ ದಾರಿ ಗಾಳಿ ಎಳೆಯುವ ಬಾಯಿಯನ್ನು ಮುಚ್ಚುವುದು, ಅದೂ ದಪ್ಪ ಹಲಗೆಯಿಂದ. ಅಂಗೈ ಇಡಬಾರದು, ಅರಿವೆ ಹಿಡಿಯಬಾರದು, ಎರಡನ್ನೂ ಎಳೆದುಕೊಳ್ಳುತ್ತದೆ. ಹಳೆಯ ಇಂಜಿನ್ ಪರೀಕ್ಷೆ ಮಾಡುವಾಗ ಕೈಗೆಟಕುವಂತೆ ಒಂದು ಹಲಗೆ ತುಂಡು ಇಟ್ಟುಕೊಂಡಿರಿ.

ಬ್ರೀದರ್ ಚೊಕ್ಕಟವಾಯಿತು, ಆದರೂ ಸೋರುತ್ತಿದೆ. ಆಗ ಎಣ್ಣೆ ಹಾಕುವ ಬಾಯಿಯ ಬುಚ್ಚು ತೆಗೆದು ನೋಡುವುದು ಎಲ್ಲ ಮಿಸ್ತ್ರಿಗಳಿಗೂ ಗೊತ್ತಿರುವ ಪರೀಕ್ಷೆ. ಬುಚ್ಚನ್ನು ಬೋರಲು ಹಾಕಿ ಬಾಯಿಯ ಮೇಲೆ ಸುಮ್ಮನೆ ಇಟ್ಟಾಗ ಅದು ಕುಣಿದು ಹಾರಿ ಬಿದ್ದರೆ "ರಿಂಗ್ ಹೋಗ್ಯಾವು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಈ ಪರೀಕ್ಷೆಯ ಮೇಲೆ ನನಗೆ ಪೂರಾ ನಂಬಿಕೆಯಿಲ್ಲ. ಬುಚ್ಚಿನ ತೂಕ ಗಾಡಿಯಿಂದ ಗಾಡಿಗೆ ಬೇರೆ, ವಾಲ್ವ್ ಒತ್ತುವ ರಾಕರುಗಳ ಬಡಿತಕ್ಕೂ ಬುಚ್ಚು ಅಲುಗುತ್ತದೆ. ಆದರೆ ಹೊಗೆ ಬರುವ ಲಯ ಮಾತ್ರ ಕೇಳಬೇಕಾದ್ದು. ಒಂದೇ ಸಮನೆ ಬುಸುಬುಸು ಬಂದರೆ ಎಲ್ಲ ಸಿಲಿಂಡರುಗಳೂ ಸವೆದಿರಬಹುದು. "ಬುಸ್… ಬುಸ್…" ಎಂದು ತಡೆದು ತಡೆದು ಬಂದರೆ ಯಾವುದೋ ಒಂದು ಸಿಲಿಂಡರಿನ ರಿಂಗು ಮುರಿದಿದೆ ಅಥವಾ ಪಿಸ್ಟನ್ ಬಿರುಕು ಬಿಟ್ಟಿದೆ ಎಂಬ ಅನುಮಾನ.

ಈ ಬುಚ್ಚಿನ ತೀರ್ಪು ನಂಬಿ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಹೆದ್ದಾರಿಯಲ್ಲಿ ಓಡುವ ಒಂದು ಲಾರಿ, ವಂಟಮುರಿ ಘಾಟ್ ಹತ್ತುವಾಗ ಡಿಪ್‌ಸ್ಟಿಕ್ ತೂತಿನಿಂದ ಎಣ್ಣೆ ಉಗುಳುತ್ತಿತ್ತು. ಬುಚ್ಚು ಕುಣಿಯಿತು, ನಾನು ಇಂಜಿನ್ ಇಳಿಸಿದೆ. ಹೆಡ್ ಬಿಚ್ಚಿ ನೋಡಿದರೆ ಲೈನರುಗಳು ಹೊಸದರ ಹಾಗೆ. ಲೈನರ್ ಮಾಡುವಾಗ ಹಾಕುವ ಹೋನಿಂಗ್ ಗೆರೆ ಕೂಡ ಮಾಸಿರಲಿಲ್ಲ. ತಪ್ಪು ಇದ್ದದ್ದು ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರಿನಲ್ಲಿ. ಅದಕ್ಕೂ ಪಿಸ್ಟನ್ನಿದೆ, ರಿಂಗುಗಳಿವೆ. ಅದರ ಎಣ್ಣೆ ಹಿಂದಿರುಗುವ ದಾರಿ ಇಂಜಿನ್ನಿನ ಹೊಟ್ಟೆಗೇ ಇದೆ. ಅದರ ರಿಂಗು ಸವೆದರೆ ಅದರ ಗಾಳಿಯೂ ಇಲ್ಲಿಗೇ ಬರುತ್ತದೆ. ಇಂಜಿನ್ ಇಳಿಸುವ ಮೊದಲು ಕಂಪ್ರೆಸರಿನಿಂದ ಟ್ಯಾಂಕಿಗೆ ಹೋಗುವ ಪೈಪು ಸಡಿಲಿಸಿ, ಗಾಳಿ ತುಂಬದಂತೆ ಮಾಡಿ ಒಮ್ಮೆ ನೋಡಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ಟರ್ಬೊ ಇರುವ ಇಂಜಿನ್ನುಗಳಲ್ಲಿ ಟರ್ಬೊದ ಸೀಲಿನಿಂದಲೂ ಇದೇ ರೀತಿ ಗಾಳಿ ಒಳಬರುತ್ತದೆ. ಆ ಲಾರಿಯ ಮಾಲೀಕ ನನ್ನನ್ನು ಬೈಯಲಿಲ್ಲ. ಆದರೆ ಆಮೇಲೆ ನನ್ನ ಹತ್ತಿರ ಬರಲೂ ಇಲ್ಲ.

ಅಂದಿನಿಂದ ನಾನು ಕಣ್ಣಂದಾಜು ಬಿಟ್ಟು ನೀರಿನಿಂದ ಅಳೆಯುತ್ತೇನೆ. ಆಸ್ಪತ್ರೆಯ ಸಲೈನ್ ಬಾಟಲಿಗೆ ಹಾಕುವಂಥ, ಆದರೆ ಸ್ವಲ್ಪ ದಪ್ಪನೆಯ ಪಾರದರ್ಶಕ ಪೈಪು ಒಂದೂವರೆ ಎರಡು ಮೀಟರ್ ತನ್ನಿ. ಒಂದು ಹಲಗೆಯ ಮೇಲೆ ಜೋಕಾಲಿಯ ಹಗ್ಗದಂತೆ ಕೆಳಗೆ ಬಾಗಿಸಿ ಎರಡೂ ಕಾಲು ನೇರವಾಗಿ ನಿಲ್ಲುವಂತೆ ಕಟ್ಟಿ, ಅರ್ಧದ ತನಕ ಬಣ್ಣದ ನೀರು ತುಂಬಿ, ಪಕ್ಕದಲ್ಲಿ ಶಾಲೆಯ ಸ್ಕೇಲು ಅಂಟಿಸಿ. ಒಂದು ತುದಿ ಬಯಲಿಗೆ, ಇನ್ನೊಂದು ತುದಿ ಇಂಜಿನ್ನಿನ ಹೊಟ್ಟೆಗೆ. ಡಿಪ್‌ಸ್ಟಿಕ್ ತೂತಿಗೆ ಸಿಕ್ಕಿಸುವವರಿದ್ದಾರೆ. ಆದರೆ ಕೆಲವು ಇಂಜಿನ್ನುಗಳಲ್ಲಿ ಆ ಕೊಳವೆಯ ಕೆಳತುದಿ ಎಣ್ಣೆಯೊಳಗೇ ಮುಳುಗಿರುತ್ತದೆ, ಆಗ ಅಳತೆ ಸುಳ್ಳಾಗುತ್ತದೆ. ಹಳೆಯ ಬುಚ್ಚೊಂದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿ ಇಟ್ಟುಕೊಳ್ಳುವುದು ಲೇಸು. ಇಂಜಿನ್ ಕಾದ ಮೇಲೆ, ಬ್ರೀದರ್ ಅದರ ಜಾಗದಲ್ಲೇ ಇದ್ದು, ಮೊದಲು ನಿಧಾನಕ್ಕೆ, ಆಮೇಲೆ ಪೂರ್ತಿ ರೇಸಿಗೆ, ಸಾಧ್ಯವಾದರೆ ರೋಟಾವೇಟರ್ ಹಚ್ಚಿ ಭಾರ ಕೊಟ್ಟು ನೋಡಿ. ಭಾರವಿಲ್ಲದಾಗ ಸಂಭಾವಿತನಂತೆ ಇರುವ ಇಂಜಿನ್ನು ಭಾರ ಬಿದ್ದಾಗ ನಿಜ ಹೇಳುತ್ತದೆ.

ಓದುವಾಗ ಹೊಸಬರು ಒಂದು ತಪ್ಪು ಮಾಡುತ್ತಾರೆ. ಒಂದು ಕಾಲಿನಲ್ಲಿ ನೀರು 3 ಸೆಂಟಿಮೀಟರ್ ಏರಿದರೆ ಇನ್ನೊಂದರಲ್ಲಿ 3 ಇಳಿದಿರುತ್ತದೆ. ಒತ್ತಡ ಎಂದರೆ ಎರಡರ ನಡುವಿನ ಅಂತರ, 6. ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಮಿತಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ಪುಸ್ತಕವಿಲ್ಲದ ಹಳೆಯ ಟ್ರ್ಯಾಕ್ಟರುಗಳಿಗೆ ನಾನು ಇಟ್ಟುಕೊಂಡ ಅಂದಾಜು ಹೀಗೆ: ಚೊಕ್ಕಟ ಬ್ರೀದರಿನೊಂದಿಗೆ 2-3 ಸೆಂಟಿಮೀಟರ್ ಇದ್ದರೆ ಸುಮ್ಮನಿರು, 10 ದಾಟಿದರೆ ರಿಂಗು ಲೈನರಿನ ಕಡೆ ನೋಡು, ನಡುವೆ ಇದ್ದರೆ ಬರೆದಿಟ್ಟುಕೊಂಡು ಮುಂದಿನ ಹಂಗಾಮಿಗೆ ಮತ್ತೆ ಅಳೆ.

ಒಂಟಿ ಸಿಲಿಂಡರಿನ ಇಂಜಿನ್ನುಗಳ ಮಾತು ಬೇರೆ. ಬೆಲ್ಲದ ಗಾಣಕ್ಕೆ, ಬಾವಿಯ ಪಂಪಿಗೆ ಹಚ್ಚಿದ 5 ಹಾರ್ಸ್ ಪವರಿನ ಇಂಜಿನ್ನುಗಳನ್ನು ನಮ್ಮ ಕಡೆ ಹಳಬರು ಇವತ್ತಿಗೂ "ಕಿರ್ಲೋಸ್ಕರ್" ಎಂದೇ ಕರೆಯುತ್ತಾರೆ, ಯಾವ ಕಂಪನಿಯದೇ ಇರಲಿ. ಹೆಸರಿನ ಮೇಲೆ ನಮಗೂ ಒಂದಿಷ್ಟು ಹಕ್ಕಿದೆ ಬಿಡಿ. ಆ ಹೆಸರಿನ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1888ರಲ್ಲಿ ಸೈಕಲ್ ಅಂಗಡಿ ತೆರೆದದ್ದು ಬೆಳಗಾವಿಯಲ್ಲಿ. ಕಿರ್ಲೋಸ್ಕರವಾಡಿಗೆ ಹೋದದ್ದು 1910ರಲ್ಲಿ, ಆಯಿಲ್ ಇಂಜಿನ್ ಕಂಪನಿ ಪುಣೆಯಲ್ಲಿ ಶುರುವಾದದ್ದು 1946ರಲ್ಲಿ. ಅದಿರಲಿ. ಒಂದೇ ಪಿಸ್ಟನ್ ಕೆಳಗೆ ಇಳಿದಾಗ ಹೊಟ್ಟೆಯ ಗಾಳಿ ಅಮುಕುತ್ತದೆ, ಮೇಲೆ ಹೋದಾಗ ಹಿಗ್ಗುತ್ತದೆ. ನಾಲ್ಕು ಸಿಲಿಂಡರಿನಲ್ಲಿ ಎರಡು ಇಳಿದರೆ ಎರಡು ಏರಿ ಸರಿತೂಗಿಸುತ್ತವೆ, ಇಲ್ಲಿ ಜೋಡಿಯೇ ಇಲ್ಲ. ಹಾಗಾಗಿ ಲಿಸ್ಟರ್ ಮಾದರಿಯ ಒಂಟಿ ಸಿಲಿಂಡರುಗಳ ಬ್ರೀದರಿನಲ್ಲಿ ಒಂದು ತೆಳು ತಗಡಿನ ವಾಲ್ವ್ ಇರುತ್ತದೆ. ಗಾಳಿಯನ್ನು ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಅದರಿಂದ ಹೊಟ್ಟೆಯಲ್ಲಿ ಹೊರಗಿಗಿಂತ ತುಸು ಕಡಿಮೆ ಒತ್ತಡ ಉಳಿದು ಎಣ್ಣೆ ಒಳಗೇ ಇರುತ್ತದೆ. ಆ ತಗಡು ಸೊಟ್ಟಗಾದರೂ, ಅದರ ಕೆಳಗೆ ಒಂದು ಕಸ ಸಿಕ್ಕಿದರೂ ಇಂಜಿನ್ನಿನ ಮೈಯೆಲ್ಲ ಎಣ್ಣೆ. ಹೊಸ ರಿಂಗು ಹಾಕಿದರೂ ಆ ಎಣ್ಣೆ ನಿಲ್ಲುವುದಿಲ್ಲ. ಇಂಥ ಇಂಜಿನ್ನಿಗೆ ನೀರಿನ ಪೈಪು ಹಚ್ಚಿದರೆ ನೀರು ಜಿಗಿದಾಡುತ್ತದೆ. ಪೈಪನ್ನು ಒಂದು ಕಡೆ ಕ್ಲಿಪ್ಪಿನಿಂದ ಅರ್ಧ ಹಿಸುಕಿದರೆ ಜಿಗಿತ ತಗ್ಗಿ ಸರಾಸರಿ ಎಲ್ಲಿದೆ ಎಂದು ಕಾಣುತ್ತದೆ.

1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿ ಬಾವಿಗಳಿಗೆ ಕರೆಂಟು ಬಂದ ಮೇಲೆ ಇಂಥ ಎಷ್ಟೋ ಇಂಜಿನ್ನುಗಳು ಮೂಲೆ ಸೇರಿದವು. ತಿಂಗಳುಗಟ್ಟಲೆ ನಿಂತ ಇಂಜಿನ್ನಿನ ರಿಂಗುಗಳು ಕಾಡಿಗೆಯಲ್ಲಿ ಹೂತು ಅಂಟಿಕೊಂಡಿರುತ್ತವೆ. ಟ್ರ್ಯಾಕ್ಟರಿಗೂ ಈ ರೋಗ ಬರುತ್ತದೆ, ಬೇರೆ ದಾರಿಯಿಂದ. ಕಾರ್ಖಾನೆಯ ಯಾರ್ಡಿನಲ್ಲಿ ಚಳಿಯ ರಾತ್ರಿ ಸಾಲು ಕಾಯುತ್ತಾ ಇಂಜಿನ್ ಬಂದ್ ಮಾಡದೆ ಗಂಟೆಗಟ್ಟಲೆ ನಿಧಾನಕ್ಕೆ ಬಿಟ್ಟರೆ ಸಿಲಿಂಡರ್ ಸಾಕಷ್ಟು ಕಾಯುವುದಿಲ್ಲ. ಅರ್ಧ ಉರಿದ ಡೀಸೆಲ್ಲು ಜಿಗುಟಾಗಿ ರಿಂಗು ಕೂರುವ ತೋಡಿನೊಳಗೆ ಸೇರಿ ರಿಂಗನ್ನು ಹಿಡಿದುಬಿಡುತ್ತದೆ. ಸವೆಯದೆ ಬರೀ ಅಂಟಿದ ರಿಂಗು ಕೆಲವೊಮ್ಮೆ ಒಳ್ಳೆಯ ಎಣ್ಣೆ ಹಾಕಿ ಎರಡು ದಿನ ಹೊಲದಲ್ಲಿ ಭಾರ ಕೊಟ್ಟು ದುಡಿಸಿದರೆ ಬಿಟ್ಟುಕೊಳ್ಳುತ್ತದೆ. ಬಿಚ್ಚುವ ಮೊದಲು ಆ ಅವಕಾಶ ಕೊಟ್ಟು ನೋಡಿ.

ನೀರು 10 ದಾಟಿತು, ಬ್ರೀದರ್ ಸರಿಯಿದೆ, ಕಂಪ್ರೆಸರಿಲ್ಲ. ಯಾವ ಸಿಲಿಂಡರ್? ನಿಧಾನ ರೇಸಿನಲ್ಲಿ ನಾಜಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿದರೆ ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ. ಯಾವುದನ್ನು ನಿಲ್ಲಿಸಿದಾಗ ಬುಚ್ಚಿನ ಬಾಯಿಯ ಬುಸುಗುಡುವಿಕೆ ಗಮನಕ್ಕೆ ಬರುವಷ್ಟು ತಗ್ಗಿತೋ ಅದೇ ರೋಗಿ. ಆ ನಟ್ಟಿನ ಮೇಲೆ ದಪ್ಪ ಅರಿವೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಬೆರಳನ್ನು ಮಾತ್ರ ಎಂದೂ ಒಡ್ಡಬೇಡಿ. ಹಳೆಯ ನಾಜಲುಗಳೇ 200 ಕಿಲೋ ಆಸುಪಾಸಿನ ಒತ್ತಡದಲ್ಲಿ ಬಾಯಿ ಬಿಡುವಂಥವು. ಆ ಡೀಸೆಲ್ ಸೂಜಿಯಂತೆ ಚರ್ಮದೊಳಗೆ ಹೋಗುತ್ತದೆ, ಗಾಯ ಸಣ್ಣದಾಗಿ ಕಂಡರೂ ಬೆರಳೇ ಹೋಗಬಹುದು. ಹಾಗಾದರೆ ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಂಪ್ರೆಶನ್ ಗೇಜ್ ಇದ್ದರೆ ಒಳ್ಳೆಯದೇ. ನನಗೆ ಅದಕ್ಕಿಂತ ಇಷ್ಟವಾದದ್ದು ಪಂಕ್ಚರ್ ಅಂಗಡಿಯ ಗಾಳಿ. ನಾಜಲ್ ತೆಗೆದು ಆ ಜಾಗಕ್ಕೆ ಒಂದು ಕನೆಕ್ಷನ್ ಮಾಡಿ, ಪಿಸ್ಟನ್ ತುತ್ತತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಾಗ 5-6 ಕಿಲೋ ಗಾಳಿ ಬಿಡಿ. ಮೊದಲು ಬೆಲ್ಟು ಫ್ಯಾನಿನಿಂದ ಎಲ್ಲರ ಕೈ ದೂರವಿರಲಿ, ಗಾಳಿ ತಳ್ಳಿದರೆ ಕ್ರ್ಯಾಂಕ್ ಥಟ್ಟನೆ ತಿರುಗುತ್ತದೆ. ಆಮೇಲೆ ಕಿವಿಗೊಡಿ. ಸೈಲೆನ್ಸರಿನಲ್ಲಿ ಸುಯ್ ಎಂದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರಿನಲ್ಲಿ ಕೇಳಿದರೆ ಇನ್ಲೆಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಪ್ಯಾಕಿಂಗ್ ಅಥವಾ ಬಿರುಕು. ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗು. ಇಲ್ಲಿ ಒಂದಿಷ್ಟು ಸದ್ದು ಎಲ್ಲ ಇಂಜಿನ್ನಿನಲ್ಲೂ ಇದ್ದೇ ಇರುತ್ತದೆ, ಆದ್ದರಿಂದ ಒಂದು ಸಿಲಿಂಡರನ್ನು ಇನ್ನೊಂದಕ್ಕೆ ಹೋಲಿಸಿ.

ಇಷ್ಟಾದ ಮೇಲೆ ಬಿಚ್ಚಿ, ಬೇಡ ಎನ್ನುವುದಿಲ್ಲ. ಲೈನರಿನ ಮೇಲ್ತುದಿಯಲ್ಲಿ, ಮೊದಲ ರಿಂಗು ತಿರುಗಿ ಇಳಿಯುವ ಜಾಗದಲ್ಲಿ ಉಗುರು ಆಡಿಸಿ. ಉಗುರು ತಡೆದರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಅಂಥ ಲೈನರಿಗೆ ಬರೀ ಹೊಸ ರಿಂಗು ಹಾಕಿದರೆ ರಿಂಗು ಆ ಮೆಟ್ಟಿಲಿಗೆ ಬಡಿದು ಮುರಿಯುತ್ತದೆ. ಹೊಸ ರಿಂಗನ್ನು ಲೈನರಿನೊಳಗಿಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಕೆಳಗೆ ದೂಡಿ, ಸೀಳಿನ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಿರಿ. 100 ಮಿಲಿಮೀಟರ್ ಬೋರಿಗೆ ಹೆಚ್ಚುಕಡಿಮೆ 0.3ರಿಂದ 0.4 ಮಿಲಿಮೀಟರ್ ಎಂಬುದು ಎಲ್ಲೆಡೆ ನಡೆಯುವ ಲೆಕ್ಕ, ಪುಸ್ತಕ ಬೇರೆ ಹೇಳಿದರೆ ಪುಸ್ತಕದ್ದೇ. ಸೀಳುಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿ ಕೂರಿಸಿ, ಟಾಪ್ ಎಂದು ಬರೆದ ಮಗ್ಗಲು ಮೇಲೆ.

ರಿಂಗು ಯಾಕೆ ಸವೆಯಿತು ಎಂದು ಕೇಳದೆ ಇಂಜಿನ್ ಮುಚ್ಚಬೇಡಿ. ಏರ್ ಕ್ಲೀನರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಒಳಗೆ ಬೆರಳಿಟ್ಟು ಒರೆಸಿ. ಬೆರಳಿಗೆ ಮಣ್ಣು ಹತ್ತಿದರೆ ಪೈಪು ಎಲ್ಲೋ ಸೀಳಿದೆ ಅಥವಾ ಕ್ಲೀನರಿನ ಬಟ್ಟಲಿನಲ್ಲಿ ಎಣ್ಣೆಯ ಬದಲು ಕೆಸರಿದೆ. ಒಣ ಹೊಲದಲ್ಲಿ ರೋಟಾವೇಟರ್ ಹೊಡೆಯುವಾಗ ಎದ್ದ ಧೂಳು ಆ ಸೀಳಿನಿಂದ ಹೋದರೆ ರಿಂಗಿಗೂ ಲೈನರಿಗೂ ನಡುವೆ ಮರಳು ಕಾಗದ ಇಟ್ಟ ಹಾಗೆ. ಸಾವಿರಾರು ರೂಪಾಯಿಯ ಇಂಜಿನ್ ಕೆಲಸ ಮಾಡಿಸಿ, ಆ ಪೈಪನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಕಟ್ಟಿಕೊಂಡು ಹೋಗಿ, ಮರುವರ್ಷ ಅದೇ ದೂರು ತಂದವರನ್ನು ಕಂಡಿದ್ದೇನೆ.

ಪ್ಯಾಕಿಂಗು ಹಾಕುವಾಗ ಎರಡು ಮಾತು. ಚೇಂಬರಿನ ಬೋಲ್ಟುಗಳನ್ನು ಬಲ ಬಿಟ್ಟು ಬಿಗಿದರೆ ತಗಡಿನ ಅಂಚು ಬೋಲ್ಟಿನ ಸುತ್ತ ತಗ್ಗಿ ನಡುನಡುವೆ ಉಬ್ಬುತ್ತದೆ, ಹೊಸ ಸೋರಿಕೆ ಅಲ್ಲೇ. ಚಪ್ಪಟೆ ಕಲ್ಲಿನ ಮೇಲೋ ಗಾಜಿನ ಮೇಲೋ ಇಟ್ಟು ಅಂಚು ನೇರ ಮಾಡಿಕೊಳ್ಳಿ. ಅಂಟನ್ನು ಬೆಣ್ಣೆಯಂತೆ ಮೆತ್ತಬೇಡಿ. ಒಳಗೆ ಹಿಂಡಿದ ಅಂಟಿನ ತುಣುಕು ಕಳಚಿ ಎಣ್ಣೆ ಎಳೆಯುವ ಪಂಪಿನ ಜಾಳಿಗೆಗೆ ಕೂತರೆ ಬೇರಿಂಗಿಗೆ ಎಣ್ಣೆ ತಪ್ಪುತ್ತದೆ.

ಕೆಲಸ ಮುಗಿದ ಇಂಜಿನ್ನನ್ನು ನಿಧಾನಕ್ಕೆ ಬಿಟ್ಟು ಗಂಟೆಗಟ್ಟಲೆ ನಿಲ್ಲಿಸಬೇಡಿ, ಹಾಗೆ ಮಾಡಿದರೆ ಲೈನರ್ ನುಣುಪಾಗಿ ರಿಂಗು ಕೂರುವುದೇ ಇಲ್ಲ. ಒಮ್ಮೆ ಕಾದ ಮೇಲೆ ಹದವಾದ ಭಾರ ಕೊಟ್ಟು ನಡೆಸಿ, ಮೊದಲ 50 ಗಂಟೆಗೆ ಎಣ್ಣೆ ಬದಲಿಸಿ. ಅವತ್ತೇ ನೀರಿನ ಪೈಪು ಮತ್ತೆ ಹಚ್ಚಿ, ಸ್ಕೇಲಿನ ಮೇಲೆ ಬಂದ ಅಂಕಿಯನ್ನೂ ತಾರೀಖನ್ನೂ ಗಾಡಿಯ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಬಣ್ಣದಿಂದ ಬರೆಯಿರಿ. ಮುಂದಿನ ದಸರೆಗೆ ಆ ಗಾಡಿ ನನ್ನ ಹತ್ತಿರ ಬಂದರೂ, ಬೇರೆ ಯಾವ ಮಿಸ್ತ್ರಿಯ ಹತ್ತಿರ ಹೋದರೂ, ಅವನು ಮೊದಲು ಆ ಮುಚ್ಚಳ ತೆರೆದು ನೋಡಲಿ.